ಇಕಾಮಾದ ಕೋಚ್

ಪುತ್ತಬ್ಬನ ಇಕಾಮಾದಲ್ಲಿ ಉದ್ಯೋಗದ ಜಾಗದಲ್ಲಿ ‘ಐಸ್ ಹಾಕಿ ಕೋಚ್’ ಎಂದಿತ್ತು. ಐಸಿನ ವಿಷಯದಲ್ಲಿ ಪುತ್ತಬ್ಬನಿಗೆ ಗೊತ್ತಿದ್ದದ್ದು ಒಂದೇ ಸಂಗತಿ: ಶರಬತ್ತಿನಲ್ಲಿ ಸಕ್ಕರೆ ಕರಗುವ ಮೊದಲೇ ಐಸು ಹಾಕಿದರೆ ಸಕ್ಕರೆ ತಳದಲ್ಲಿ ಕೂತುಬಿಡುತ್ತದೆ. ಹಾಕಿಯ ವಿಷಯದಲ್ಲಿ ಅಷ್ಟೂ ಗೊತ್ತಿರಲಿಲ್ಲ.

ಕುವೈತಿನಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಇಕಾಮಾ ಎಂದರೆ ಆ ದೇಶದಲ್ಲಿ ಇರುವುದಕ್ಕೆ ಕೊಡುವ ಪರವಾನಗಿ. ಅದರಲ್ಲಿ ಬರೆದ ಕೆಲಸಕ್ಕೂ ಮನುಷ್ಯ ಮಾಡುವ ಕೆಲಸಕ್ಕೂ ನೆಂಟಸ್ತಿಕೆ ಇರಲೇಬೇಕೆಂದಿಲ್ಲ. ಸಬ್ಹಾನಿನ ಕೋಲ್ಡ್ ಸ್ಟೋರೇಜಿನಲ್ಲಿ ಕೋಳಿಪೆಟ್ಟಿಗೆ ಹೊರುವವನು ಇಕಾಮಾದಲ್ಲಿ ಕುರಿ ಕಾಯುವವನಾಗಿರುತ್ತಾನೆ. ರಾಯ್ ಬಡಾವಣೆಯ ಸೋಫಾ ಅಂಗಡಿಯಲ್ಲಿ ಟೈ ಕಟ್ಟಿಕೊಂಡು ನಿಂತವನು ಇಕಾಮಾದಲ್ಲಿ ವೆಲ್ಡರ್ ಆಗಿರುತ್ತಾನೆ. ಎಲ್ಲಿ ಜಾಗ ಖಾಲಿಯೋ ಅಲ್ಲಿ ಹೆಸರು ಕೂರುತ್ತದೆ. ಮನುಷ್ಯ ತನ್ನ ಪಾಡಿಗೆ ಬೇರೆ ಕಡೆ ದುಡಿಯುತ್ತಾನೆ.

ಪುತ್ತಬ್ಬ ದುಡಿಯುತ್ತಿದ್ದದ್ದು ಒಂದು ಖಾಸಗಿ ಕಾಲೇಜಿನ ಕ್ಯಾಂಟೀನಿನಲ್ಲಿ. ಸಾಲೆತ್ತೂರಿನಿಂದ ಬಂದ ಮೇಲೆ ಅವನು ಅಲ್ಲಿ ಕಾಸಿದ ಚಾ ಒಟ್ಟು ಮಾಡಿದ್ದರೆ ಒಂದು ಸಣ್ಣ ಹಡಗು ತೇಲುತ್ತಿತ್ತು. ಆ ಕಾಲೇಜಿನ ದೊಡ್ಡವರನ್ನು ಎಲ್ಲರೂ ಮುದೀರ್ ಎಂದು ಕರೆಯುತ್ತಿದ್ದರು. ಅವರು ಹುಡುಗರಾಗಿದ್ದಾಗ ಹಿಮ ಬೀಳುವ ಯಾವುದೋ ದೇಶದಲ್ಲಿ ಓದಿ, ಬರುವಾಗ ಒಂದು ಡಿಗ್ರಿಯನ್ನೂ ಐಸ್ ಹಾಕಿಯ ಹುಚ್ಚನ್ನೂ ತಂದಿದ್ದರು. ಡಿಗ್ರಿ ಗೋಡೆಯ ಮೇಲೆ ಸುಮ್ಮನೆ ಕೂತಿತು, ಹುಚ್ಚು ಕೂರಲಿಲ್ಲ. ಹೊರಗೆ ಡಾಂಬರು ಬೆಲ್ಲದ ಪಾಕದ ಹಾಗೆ ಚಪ್ಪಲಿಗೆ ಅಂಟುವ ಊರಿನಲ್ಲಿ ಅವರು ಐಸ್ ಹಾಕಿ ತಂಡ ಕಟ್ಟಿದರು. ಅದನ್ನು ಕಂಡು ಅವರ ಹೆಂಡತಿಯ ಅಣ್ಣ, ಇನ್ನೊಂದು ಕಾಲೇಜಿನ ಮುದೀರ್, ತಾವೂ ಒಂದು ತಂಡ ಕಟ್ಟಿದರು. ಅಂದಿನಿಂದ ಭಾವ ಭಾವಂದಿರ ನಡುವೆ ಊಟದ ತಟ್ಟೆಯ ಮುಂದೆಯೂ ಅದೇ ಮಾತು.

ಪುತ್ತಬ್ಬನ ಕಾಲೇಜಿನ ತಂಡಕ್ಕೆ ಕೋಚ್‌ಗಳ ಯೋಗವಿರಲಿಲ್ಲ. ಮೊದಲನೆಯವನು ಕೆನಡಾದವನು. ಬೆಳಗಿನ ಅಭ್ಯಾಸಕ್ಕೆ ಹುಡುಗರು ಮಧ್ಯಾಹ್ನ ಬರುವುದನ್ನು ಕಂಡು ಅವನ ಕಣ್ಣಲ್ಲಿ ನೀರು ಬಂತು. ಕೆನಡಾಕ್ಕೆ ಹೋಗಿ ಒರೆಸಿಕೊಂಡ. ಎರಡನೆಯವನು ಹುಡುಗರ ಜೊತೆ ಬಿರಿಯಾನಿ ತಿಂದು ತಿಂದು ಸ್ಕೇಟಿನ ಲಾಡಿ ಕಟ್ಟಲು ಬಗ್ಗಲಾರದೆ ಹೋದ. ಮೂರನೆಯವನು ಹಬ್ಬಕ್ಕೆಂದು ಊರಿಗೆ ಹೋದವನು ಇನ್ನೂ ಹಬ್ಬ ಮಾಡುತ್ತಲೇ ಇದ್ದಾನೆ. ತಂಡ ಮಾತ್ರ ಭಾವನ ತಂಡದ ಎದುರು ಸೋಲುತ್ತಲೇ ಇತ್ತು. ಒಮ್ಮೆ ಎಷ್ಟು ಗೋಲು ಬಿದ್ದವೆಂದರೆ ಅಂಕಪಟ್ಟಿಯ ಬಲ್ಬು ಸುಟ್ಟುಹೋಯಿತು.

ಹೀಗೆ ಖಾಲಿ ಬಿದ್ದ ಕೋಚ್ ಜಾಗದಲ್ಲಿ ಪುತ್ತಬ್ಬನ ಹೆಸರನ್ನು ಕೂರಿಸಿದವನು ಶಬೀರ್. ಉಪ್ಪಿನಂಗಡಿಯ ಈ ಶಬೀರ್ ಕಾಲೇಜಿನ ಮಂದೂಬ್. ಎಂದರೆ ನೌಕರರ ಕಾಗದಪತ್ರ ಹಿಡಿದು ಸರಕಾರಿ ಕಚೇರಿಗಳಿಗೆ ಓಡಾಡುವವನು. ಅವನು ಹಾಗೆ ಮಾಡಿದ್ದಕ್ಕೂ ಕಾರಣವಿತ್ತು. ಚಾ ಕಾಸುವವನ ಇಕಾಮಾ ಇಟ್ಟುಕೊಂಡು ಹೆಂಡತಿಯನ್ನು ಕರೆಸಿಕೊಳ್ಳುವುದು ಆಗುವ ಮಾತಲ್ಲ. ಕೋಚ್ ಆದರೆ ಆಗುತ್ತದೆ. ಪುತ್ತಬ್ಬನ ಹೆಂಡತಿ ಪಾತು ಮದುವೆಯಾದಂದಿನಿಂದ ಗಂಡನನ್ನು ರಜೆಯಲ್ಲೂ ಫೋನಿನಲ್ಲೂ ಮಾತ್ರ ನೋಡಿದವಳು. ಈಗ ಅವಳ ವೀಸಾ ಬಂದಿತ್ತು. ಗುರುವಾರದ ವಿಮಾನಕ್ಕೆ ಟಿಕೆಟೂ ಆಗಿತ್ತು. ಅವಳು ಸಾಲೆತ್ತೂರಿನಲ್ಲಿ ಯಾರಿಗೆಲ್ಲ ಹೇಳಬೇಕೋ ಅವರಿಗೆಲ್ಲ ಹೇಳಿ, ಹೇಳಬಾರದವರಿಗೂ ಹೇಳಿ ಮುಗಿಸಿದ್ದಳು.

“ನಮ್ಮ ಕೋಚ್ ಇದ್ದಾನಾ?” ಎಂದು ಮುದೀರ್ ಆಗೀಗ ಕೇಳಿದಾಗ ಶಬೀರ್ “ಇದ್ದಾರೆ ಸರ್” ಎನ್ನುತ್ತಿದ್ದ. ಸುಳ್ಳೇನಲ್ಲ. ಇದ್ದ, ಕ್ಯಾಂಟೀನಿನಲ್ಲಿದ್ದ.

ಮಂಗಳವಾರ ಬೆಳಿಗ್ಗೆ ಪುತ್ತಬ್ಬ ಪರೋಟದ ಹಿಟ್ಟನ್ನು ಗಾಳಿಯಲ್ಲಿ ಬೀಸುತ್ತಿದ್ದಾಗ ಶಬೀರ್ ಓಡಿಕೊಂಡು ಬಂದ.

“ಪುತ್ತಬ್ಬ ಕಾಕ, ಏಪ್ರನ್ ಬಿಚ್ಚಿ! ಬೇಗ!”

“ಎಂತ, ಬೆಂಕಿ ಬಿತ್ತಾ?”

“ಅದಕ್ಕಿಂತ ದೊಡ್ಡದು. ಇವತ್ತು ಸಂಜೆ ಮ್ಯಾಚ್ ಉಂಟು. ಬೆಂಚಿನಲ್ಲಿ ಕೋಚ್ ಇಲ್ಲದಿದ್ರೆ ರೆಫ್ರಿ ಆಟವೇ ಆಡಿಸುದಿಲ್ಲಂತೆ. ಮುದೀರ್ ಕೋಚ್‌ನ ಕರ್ಕೊಂಡು ಬಾ ಅಂದ್ರು.”

“ಕರ್ಕೊಂಡು ಹೋಗು. ನನ್ನತ್ರ ಯಾಕೆ ಹೇಳ್ತಿ?”

“ಕೋಚ್ ನೀವಲ್ವಾ!”

ಪುತ್ತಬ್ಬ ನಕ್ಕ. ಶಬೀರ್ ನಗಲಿಲ್ಲ. ಪುತ್ತಬ್ಬನ ನಗು ಅರ್ಧದಲ್ಲೇ ನಿಂತಿತು.

“ಬೇಡ ಮಾರಾಯ. ನಾನು ಫ್ರಿಜ್ಜಿನ ಒಳಗೆ ಕೈ ಹಾಕಿದ್ರೆ ಶೀತ ಆಗುವವ. ಸತ್ಯ ಹೇಳಿಬಿಡು.”

“ಸತ್ಯ ಹೇಳಿದ್ರೆ ನಿಮ್ಮ ಇಕಾಮಾವೂ ಹೋಗ್ತದೆ, ನನ್ನ ಕೆಲಸವೂ ಹೋಗ್ತದೆ. ಇನ್ನೊಂದು ಕೇಳಿ. ಕಾಲೇಜಿನ ಯಜಮಾನ್ರು ಹೇಳಿದ್ದಾರಂತೆ, ಇವತ್ತು ಸೋತ್ರೆ ಐಸ್ ಹಾಕಿ ಖಲಾಸ್.”

“ಖಲಾಸ್ ಆಗ್ಲಿ. ನಂಗೆ ಎಂತ?”

“ನಿಮ್ಗೆ ಎಂತವಾ? ಟೀಮ್ ಇಲ್ಲದಿದ್ರೆ ಕೋಚ್ ಜಾಗ ಇಲ್ಲ. ಜಾಗ ಇಲ್ಲದಿದ್ರೆ ನಿಮ್ಮ ಇಕಾಮಾ ಇಲ್ಲ. ನಿಮ್ಮ ಇಕಾಮಾ ಇಲ್ಲದಿದ್ರೆ ಪಾತು ಅಮ್ಮಾಯಿಯ ವೀಸಾ ಎಲ್ಲಿಂದ ಇರ್ತದೆ?”

ಪುತ್ತಬ್ಬನ ಕೈಯಲ್ಲಿದ್ದ ಪರೋಟ ಜೋತುಬಿತ್ತು. ವೀಸಾ ಇಲ್ಲವೆಂದು ಪಾತುವಿಗೆ ಹೇಳುವುದೋ, ಐಸಿನ ಮೇಲೆ ನಿಲ್ಲುವುದೋ ಎಂದು ಅವನು ಒಂದು ಗಳಿಗೆ ತೂಗಿ ನೋಡಿದ. ಐಸೇ ವಾಸಿ ಅನ್ನಿಸಿತು. ಏಪ್ರನ್ ಬಿಚ್ಚಿದ.

ಮುದೀರ್ ತಮ್ಮ ಕೋಣೆಯಲ್ಲಿ ಪುತ್ತಬ್ಬನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಷ್ಟು ವರ್ಷ ಅವನ ಕೈಯಿಂದಲೇ ಚಾ ತೆಗೆದುಕೊಂಡಿದ್ದರೂ ಅವರು ನೋಡಿದ್ದದ್ದು ಗ್ಲಾಸನ್ನು. ಗ್ಲಾಸಿನ ಆಚೆ ಒಂದು ಮುಖವಿರುತ್ತದೆಂದು ಅವರಿಗೆ ತೋಚಿರಲಿಲ್ಲ.

“ನಿನ್ನನ್ನು ಎಲ್ಲೋ ನೋಡಿದ್ದೇನೆ ಹಬೀಬಿ.”

“ಐಸಿನ ಮೇಲೆ ಇರ್ಬೇಕು ಸರ್,” ಎಂದ ಶಬೀರ್, ಪುತ್ತಬ್ಬ ಬಾಯಿ ತೆರೆಯುವ ಮುಂಚೆಯೇ.

“ಮಾತಾಡುವುದಿಲ್ಲವೇ ಇವನು?”

“ಯೋಚನೆ ಮಾಡ್ತಿದ್ದಾರೆ ಸರ್. ದೊಡ್ಡ ಕೋಚ್‌ಗಳು ಹಾಗೆಯೇ.”

ಮುದೀರ್‌ಗೆ ಅದು ಹಿಡಿಸಿತು. “ನನ್ನ ಭಾವ ರಷ್ಯಾ ಕಡೆಯಿಂದ ಯಾರನ್ನೋ ಕರೆಸಿದ್ದಾನಂತೆ. ಕೆಂಪು ಗಡ್ಡದವನಂತೆ. ಸೋಲಬೇಡ, ಅಷ್ಟೇ. ಗೆಲ್ಲು ಎಂದು ನಾನು ಹೇಳುವುದಿಲ್ಲ. ಅದು ಅಲ್ಲಾಹನನ್ನೇ ಕಷ್ಟಕ್ಕೆ ಸಿಕ್ಕಿಸಿದ ಹಾಗೆ. ಸೋಲಬೇಡ.” ಆಮೇಲೆ ಮೇಜನ್ನು ನೋಡಿ ಹುಬ್ಬು ಗಂಟಿಕ್ಕಿದರು. “ಇವತ್ತು ನನ್ನ ಚಾ ಎಲ್ಲಿ? ಆ ಚಾದವನು ಎಲ್ಲಿ ಹಾಳಾಗಿಹೋದ?”

“ಹುಡುಕ್ತೇನೆ ಸರ್,” ಎಂದು ಶಬೀರ್ ಪುತ್ತಬ್ಬನನ್ನು ಹೊರಗೆ ದಬ್ಬಿಕೊಂಡು ಬಂದ.

ಕ್ಯಾಂಟೀನಿನಲ್ಲಿ ಗಣಿತದ ಲಕ್ಷ್ಮೀನರಸಿಂಹ ಮೇಷ್ಟ್ರು ಕಾಯುತ್ತಿದ್ದರು. ನಂಜನಗೂಡಿನವರು. ಅವರ ಮಗ ಗುರುಕಿರಣ್ ಅದೇ ತಂಡದ ಗೋಲಿ, ಎಂದರೆ ಗೋಲು ಕಾಯುವವನು. ಕ್ರಿಕೆಟ್ಟೊಂದನ್ನು ಬಿಟ್ಟು ಬೇರೆ ಆಟದ ಗಂಧವಿಲ್ಲದಿದ್ದರೂ, ಯಾವ ಆಟಕ್ಕಾದರೂ ಸಲಹೆ ಕೊಡಲು ಅವರು ತಯಾರು.

“ಏನ್ರೀ ಪುತ್ತಬ್ಬನೋರೆ, ವಿಷ್ಯ ಗೊತ್ತಾಯ್ತು. ಹೆದರ್ಕೋಬೇಡಿ. ಫೀಲ್ಡಿಂಗ್ ಟೈಟ್ ಮಾಡ್ಬಿಡಿ, ಸ್ಲಿಪ್ಪಲ್ಲಿ ಇಬ್ರನ್ನ ನಿಲ್ಸಿ.”

“ಸ್ಲಿಪ್ಪಾಗ್ಲಿಕ್ಕೆ ನಾನೊಬ್ಬನೇ ಸಾಕು ಮಾಷ್ಟ್ರೇ. ನನ್ನ ಪಾತು ಗುರುವಾರ ಬರ್ತಾಳೆ. ಏನಾದ್ರೂ ಉಪಾಯ ಹೇಳಿ.”

ಮೇಷ್ಟ್ರು ಕಣ್ಣು ಮುಚ್ಚಿ ಕನ್ನಡಕ ಒರೆಸಿದರು. “ನೋಡಿ, ಸಮೀಕರಣ ಅಂತ ಒಂದಿದೆ. ಈ ಕಡೆ ಏನು ಮಾಡ್ತೀರೋ ಆ ಕಡೇನೂ ಅದೇ ಮಾಡಿದ್ರೆ ಎರಡೂ ಸಮ ಉಳ್ಕೊಳುತ್ತೆ. ಎದುರುಗಡೆ ಕೋಚ್ ರಷ್ಯಾದೋನು ಅಲ್ವಾ? ಅವ್ನು ಕೈ ಎತ್ತಿದ್ರೆ ನೀವೂ ಎತ್ತಿ. ಅವ್ನು ಕೂತ್ರೆ ನೀವೂ ಕೂತ್ಕೊಳಿ. ಅವ್ನು ಮಾಡಿದ್ದನ್ನೆಲ್ಲ ಮಾಡ್ತಾ ಹೋಗಿ. ಕಣ್ಣು ಮುಚ್ಚಿ ಡ್ರಾ ಆಗುತ್ತೆ!”

“ಕಣ್ಣು ಮುಚ್ಚಿದ್ರೆ ಅವ ಮಾಡುದು ಕಾಣ್ಬೇಕಲ್ಲ?”

“ಅಯ್ಯೋ, ಅದು ಮಾತಿಗೆ ಅಂದಿದ್ದು ಕಣ್ರೀ!”

ಉಪಾಯ ಪುತ್ತಬ್ಬನ ಮನಸ್ಸಿಗೆ ನಾಟಿತು. ಪರೋಟ ಬೀಸುವುದನ್ನೂ ಅವನು ಹಾಗೆಯೇ ಇನ್ನೊಬ್ಬನನ್ನು ನೋಡಿ ಕಲಿತವನಲ್ಲವೇ?

ಈಗ ಚಳಿಗೆ ಕೋಟು ಬೇಕು. ಶಬೀರ್ ಸಬ್ಹಾನಿನ ಕೋಲ್ಡ್ ಸ್ಟೋರೇಜಿನಲ್ಲಿದ್ದ ಗೆಳೆಯನಿಂದ ಒಂದು ಜಾಕೆಟ್ ತರಿಸಿದ. ಹಾಸಿಗೆಯಷ್ಟು ದಪ್ಪ, ಮೊಣಕಾಲಿನವರೆಗೆ ಉದ್ದ. ಬೆನ್ನಿನ ತುಂಬ ರೆಕ್ಕೆ ಬಿಚ್ಚಿ ನಿಂತ ಒಂದು ಕೋಳಿಯ ಚಿತ್ರ. ಅದರ ಕೆಳಗಿದ್ದ ಕಂಪೆನಿಯ ಹೆಸರು ಒಗೆದು ಒಗೆದು ಅಳಿಸಿಹೋಗಿತ್ತು. ಕೋಳಿ ಮಾತ್ರ ಅಳಿಯದೆ ನಿಂತಿತ್ತು. ಪುತ್ತಬ್ಬ ಅದನ್ನು ಹಾಕಿಕೊಂಡ. ಅಭ್ಯಾಸಬಲದಿಂದ ಒಂದು ದೊಡ್ಡ ಫ್ಲಾಸ್ಕಿನ ತುಂಬ ಏಲಕ್ಕಿ ಚಾ ತುಂಬಿಸಿ ಕಂಕುಳಲ್ಲಿ ಇಟ್ಟುಕೊಂಡ.

ಬಸ್ಸಿನಲ್ಲಿ ಪಾತುವಿನ ಫೋನು ಬಂತು.

“ನೋಡಿ, ಕೋರಿ ರೊಟ್ಟಿ ಕಟ್ಟಿದ್ದೇನೆ, ಉಪ್ಪಿನಕಾಯಿ ಕಟ್ಟಿದ್ದೇನೆ. ಇನ್ನು ಎಂತ ತರ್ಬೇಕು?”

“ನೀನು ಬಂದ್ರೆ ಸಾಕು.”

“ಎಲ್ಲಿದ್ದೀರಿ? ಗಲಾಟೆ ಕೇಳ್ತದೆ.”

“ಆಫೀಸಿನ ಕೆಲಸ,” ಎಂದು ಪುತ್ತಬ್ಬ ಫೋನಿಟ್ಟ. ಹಿಂದಿನ ಸೀಟಿನ ಹುಡುಗರು ಅವನ ಬೆನ್ನಿನ ಕೋಳಿಯ ಫೋಟೋ ತೆಗೆಯುತ್ತಿದ್ದರು.

ರಿಂಕಿನ ಬಾಗಿಲು ತೆರೆದದ್ದೇ ತಣ್ಣನೆಯ ಗಾಳಿ ಕಪಾಳಕ್ಕೆ ಬಾರಿಸಿತು. ಒಳಗೆ ಮೈದಾನವಿಡೀ ಐಸು, ಈಗಷ್ಟೇ ಒರೆಸಿಟ್ಟ ಸ್ಟೀಲು ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಅವರ ಬೆಂಚು ಇದ್ದದ್ದು ಆಚೆ ಬದಿಯಲ್ಲಿ. ಐಸಿನ ಮೇಲೆ ಹಾಸಿದ್ದ ರಬ್ಬರಿನ ಚಾಪೆ ನಡುವಿನವರೆಗೆ ಹೋಗಿ ನಿಂತುಬಿಟ್ಟಿತ್ತು. ಪುತ್ತಬ್ಬ ಬಿಸ್ಮಿಲ್ಲಾ ಹೇಳಿ ಚಾಪೆಯಿಂದ ಆಚೆ ಕಾಲಿಟ್ಟ. ಎಡಗಾಲು ರಾಯ್ ಕಡೆಗೆ ಹೊರಟಿತು, ಬಲಗಾಲು ಸುಲೈಬಿಯಾ ಕಡೆಗೆ. ಮರುಕ್ಷಣ ಅವನು ಹೊಟ್ಟೆಯ ಮೇಲೆ ಬಿದ್ದು, ಫ್ಲಾಸ್ಕನ್ನು ಎದೆಗವಚಿಕೊಂಡು, ಬೆನ್ನಿನ ಕೋಳಿಯನ್ನು ಲೋಕಕ್ಕೆಲ್ಲ ತೋರಿಸುತ್ತ, ಜಾರಿ ಜಾರಿ ಸೀದಾ ತನ್ನ ಬೆಂಚಿನ ಬಾಗಿಲಿಗೇ ಹೋಗಿ ನಿಂತ.

ಜನ ಎದ್ದು ಚಪ್ಪಾಳೆ ತಟ್ಟಿದರು. ಯಾರೋ “ದಜಾಜ್! ದಜಾಜ್!” ಎಂದು ಕೂಗಿದ. ಅರಬಿಯಲ್ಲಿ ಅದರರ್ಥ ಕೋಳಿ. ಕೂಗು ಗ್ಯಾಲರಿಯ ತುಂಬ ಹಬ್ಬಿತು.

ಪುತ್ತಬ್ಬ ತಲೆಯೆತ್ತಿ ನೋಡಿದರೆ ಎದುರು ಬದಿಯಿಂದ ರಷ್ಯಾದ ಕೋಚ್ ಬರುತ್ತಿದ್ದ. ಎತ್ತರದ ಆಳು, ಬೆಕ್ಕಿನ ಕಣ್ಣು, ಉಣ್ಣೆಯ ಟೋಪಿ, ಮೂಗಿನವರೆಗೆ ಮಫ್ಲರು, ಅದರ ಸಂದಿಯಲ್ಲಿ ಕೆಂಪು ಗಡ್ಡ, ಹೆಗಲಿಗೊಂದು ಚೀಲ. ಅವನು ಚಾಪೆಯ ಅಂಚಿಗೆ ಬಂದು ನಿಂತ. ಪುತ್ತಬ್ಬನ ಕಡೆ ಒಮ್ಮೆ ನೋಡಿದ. ಆಮೇಲೆ ಗಂಭೀರವಾಗಿ ಹೊಟ್ಟೆಯ ಮೇಲೆ ಮಲಗಿ, ಕಾಲಿನಿಂದ ಒದ್ದುಕೊಂಡು, ತನ್ನ ಬೆಂಚಿನವರೆಗೆ ಜಾರಿಕೊಂಡೇ ಹೋದ.

‘ಹಾಗಾದರೆ ಇದು ಕ್ರಮವೇ ಇರಬೇಕು’ ಎಂದು ಪುತ್ತಬ್ಬನಿಗೆ ಸಮಾಧಾನವಾಯಿತು.

ಆಟ ಶುರುವಾಯಿತು. ಕಾಲಿಗೆ ಚೂರಿ ಕಟ್ಟಿಕೊಂಡ ಹುಡುಗರು ಒಂದು ಕಪ್ಪು ರಬ್ಬರಿನ ಬಿಲ್ಲೆಯ ಹಿಂದೆ, ಹಾಲು ಉಕ್ಕಿತೆಂದು ಅಡುಗೆಮನೆಗೆ ಓಡುವವರ ಹಾಗೆ ಓಡುತ್ತಿದ್ದರು. ಪುತ್ತಬ್ಬನಿಗೆ ಬಿಲ್ಲೆ ಎಲ್ಲಿದೆಯೆಂದೇ ಕಾಣಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ. ಅವನು ನೋಡಬೇಕಾದದ್ದು ಕೆಂಪು ಗಡ್ಡದವನನ್ನು. ಬಿಡದೆ ಅವನನ್ನೇ ನೋಡಿದ. ವಿಚಿತ್ರವೆಂದರೆ ಅವನೂ ಆಟ ನೋಡದೆ ಪುತ್ತಬ್ಬನನ್ನೇ ನೋಡುತ್ತಿದ್ದ. ‘ನನ್ನನ್ನು ಅಳೆಯುತ್ತಿದ್ದಾನೆ,’ ಎಂದು ಪುತ್ತಬ್ಬ ನಡುಗಿದ.

ಚಳಿಗೆ ಮೂಗು ಸೋರಿತು. ಪುತ್ತಬ್ಬ ತೋಳಿನಿಂದ ಒರೆಸಿಕೊಂಡ. ಎದುರಿನವನು ತೋಳಿನಿಂದ ಮೂಗು ಒರೆಸಿಕೊಂಡ. ಓಹೋ, ಇದೇನೋ ಸನ್ನೆ ಎಂದು ಪುತ್ತಬ್ಬ ಮತ್ತೊಮ್ಮೆ ಒರೆಸಿದ. ಎದುರಿನವನೂ ಮತ್ತೊಮ್ಮೆ ಒರೆಸಿದ. ಹೀಗೆ ಇಬ್ಬರೂ ಒರೆಸಿ ಒರೆಸಿ ಮೂಗುಗಳು ಬ್ಯಾಡಗಿ ಮೆಣಸಿನಂತಾದವು. ಆಡುತ್ತಿದ್ದ ಹುಡುಗರಿಗೆ ಇದೆಲ್ಲ ಏನೋ ಗುಟ್ಟಿನ ತಂತ್ರವೆಂದು ತೋರಿತು. ಮೂಗು ಒರೆಸಿದಾಗಲೆಲ್ಲ ಎರಡೂ ತಂಡದವರು ಹೆದರಿ ತಮ್ಮ ತಮ್ಮ ಗೋಲಿನ ಮುಂದೆ ಗುಂಪುಗೂಡಿದರು.

ತಲೆ ತುರಿಸಿಕೊಳ್ಳಲು ಪುತ್ತಬ್ಬ ಕೈಯೆತ್ತಿದ. ಅದನ್ನು ಕಂಡು ಅವನ ಐದು ಹುಡುಗರು ಬೆಂಚಿಗೆ ಬಂದು ಬಿದ್ದರು, ಬೇರೆ ಐವರು ಬೇಲಿ ಹಾರಿ ಐಸಿಗೆ ಇಳಿದರು. ಎದುರಿನವನೂ ಕೈಯೆತ್ತಿದ, ಅಲ್ಲೂ ಐವರು ಹೋಗಿ ಐವರು ಬಂದರು. ಪುತ್ತಬ್ಬ ಇದನ್ನು ನೋಡಿ ಮತ್ತೆ ಕೈಯೆತ್ತಿದ. ಅವನೂ ಎತ್ತಿದ. ಸ್ವಲ್ಪ ಹೊತ್ತು ಆಟವೇ ನಡೆಯಲಿಲ್ಲ. ಹುಡುಗರು ಬಸ್‌ಸ್ಟ್ಯಾಂಡಿನ ಜನರ ಹಾಗೆ ಹತ್ತುವುದು, ಇಳಿಯುವುದು, ಹತ್ತುವುದು, ಇಳಿಯುವುದು.

ಗೋಲು ಮಾತ್ರ ಯಾರಿಗೂ ಆಗಲಿಲ್ಲ. ಸೊನ್ನೆಗೆ ಸೊನ್ನೆ.

ಮೇಲೆ ಕುರ್ಚಿಯಲ್ಲಿ ಮುದೀರ್ ತಮ್ಮ ತೊಡೆ ತಾವೇ ತಟ್ಟಿಕೊಂಡರು. ಈ ಹೊತ್ತಿಗೆ ಯಾವಾಗಲೂ ಲೆಕ್ಕ ತಪ್ಪಿಹೋಗುವಷ್ಟು ಗೋಲು ಬಿದ್ದಿರುತ್ತಿದ್ದವು. ಅವರ ಪಕ್ಕದಲ್ಲಿ ಕೂತಿದ್ದ ಕಾಲೇಜಿನ ಯಜಮಾನರು ಫೋನು ಕೆಳಗಿಟ್ಟು ಆಟ ನೋಡತೊಡಗಿದ್ದರು. ಲಕ್ಷ್ಮೀನರಸಿಂಹ ಮೇಷ್ಟ್ರು ಎರಡು ಸಾಲು ಕೆಳಗಿನಿಂದ ಕೂಗಿದರು: “ಹಂಗೇ ಹೋಗ್ಲಿ ಪುತ್ತಬ್ಬನೋರೆ! ಸಮೀಕರಣ ಬಿಡ್ಬೇಡಿ!”

ಆಟ ಮುಗಿಯಲು ಇನ್ನು ಸ್ವಲ್ಪವೇ ಇತ್ತು. ಪುತ್ತಬ್ಬನ ಕಣ್ಣಿಗೆ ಗುರುವಾರದ ವಿಮಾನ ಇಳಿಯುವುದೂ ಕಾಣತೊಡಗಿತ್ತು. ಅಷ್ಟರಲ್ಲಿ ಅವನ ಕಣ್ಣು ಗೋಲಿನಲ್ಲಿ ನಿಂತಿದ್ದ ಗುರುಕಿರಣನ ಮೇಲೆ ಬಿತ್ತು. ಇಡೀ ಹೊತ್ತು ಒಂದು ಬಿಲ್ಲೆಯೂ ಹತ್ತಿರ ಬಾರದೆ, ಅಲುಗಾಡಲು ಕಾರಣವಿಲ್ಲದೆ, ಹುಡುಗ ನಿಂತಲ್ಲೇ ಸೆಟೆದು ಗಡಗಡ ನಡುಗುತ್ತಿದ್ದ.

“ಅಂಕಲ್!” ಎಂದು ಅವನು ಅಲ್ಲಿಂದಲೇ ಕೂಗಿದ. “ಐ ಆಮ್ ಫ್ರೀಜಿಂಗ್!”

ಪುತ್ತಬ್ಬ ಆ ಗಳಿಗೆಯಲ್ಲಿ ಕೋಚ್ ಎಂಬುದನ್ನು ಮರೆತ. ಚಳಿಯಲ್ಲಿ ನಡುಗುವವನ ಮುಂದೆ ಚಾದ ಫ್ಲಾಸ್ಕು ಮುಚ್ಚಿಟ್ಟುಕೊಂಡು ಕೂರುವ ಜಾಯಮಾನ ಅವನದ್ದಲ್ಲ. ಮುಚ್ಚಳ ತಿರುಗಿಸಿದ. ಹಬೆ ಎದ್ದಿತು. “ಬಾ ಮಗ, ಒಂದು ಗುಟುಕು ಕುಡಿದು ಹೋಗು,” ಎಂದು ಕೈಬೀಸಿದ.

ಗುರುಕಿರಣ್ ಗೋಲು ಬಿಟ್ಟು ಬೆಂಚಿಗೆ ಬಂದುಬಿಟ್ಟ. ಗೋಲಿ ಹೊರಗೆ ಬಂದರೆ ಅವನ ಬದಲು ದಾಳಿಗೆ ಇನ್ನೊಬ್ಬ ಇಳಿಯಬಹುದು ಎಂಬುದು ಆ ಆಟದ ನಿಯಮ. ಹುಡುಗರಿಗೆ ಅದು ಗೊತ್ತಿತ್ತು, ಒಬ್ಬ ಜಿಗಿದೇಬಿಟ್ಟ. ಗೋಲು ಬಾಗಿಲು ತೆರೆದಿಟ್ಟ ಮನೆಯ ಹಾಗೆ ಬಿದ್ದಿತ್ತು.

“ಏನ್ರೀ ಮಾಡ್ತಿದೀರಾ!” ಎಂದು ಮೇಷ್ಟ್ರು ಕಿರುಚಿದರು. “ವಿಕೆಟ್ ಕೀಪರ್‌ನ ಟೀ ಕುಡಿಯಕ್ಕೆ ಕರ್ದುಬಿಟ್ರಲ್ರೀ!”

ಪುತ್ತಬ್ಬ ಗಾಬರಿಯಿಂದ ಎದುರು ಬೆಂಚಿನ ಕಡೆ ನೋಡಿದ. ಕೆಂಪು ಗಡ್ಡದವನು ಎರಡು ಕೈಯಿಂದ ತನ್ನ ಗೋಲಿಯನ್ನು ಕರೆಯುತ್ತಿದ್ದ! ಆ ಗೋಲಿಯೂ ಹೊರಗೆ ಬಂದ. ಕೋಚ್ ಚೀಲಕ್ಕೆ ಕೈಹಾಕಿ ದುಂಡಗಿನ, ಕಂದುಬಣ್ಣದ ಏನನ್ನೋ ತೆಗೆದು ಅವನ ಬಾಯಿಗಿಟ್ಟ.

ಮುಂದಿನದ್ದನ್ನು ಆ ಗ್ಯಾಲರಿಯಲ್ಲಿ ಇದ್ದವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಎರಡೂ ಗೋಲು ಖಾಲಿ. ಈ ತುದಿಯಿಂದ ಹೊಡೆದರೆ ಆ ತುದಿಗೆ ಗೋಲು. ಆ ತುದಿಯಿಂದ ಹೊಡೆದರೆ ಈ ತುದಿಗೆ ಗೋಲು. ಒಂದು–ಒಂದು. ಎರಡು–ಎರಡು. ಜನ ಕುರ್ಚಿ ಹತ್ತಿ ಕುಣಿದರು. ಯಜಮಾನರೊಬ್ಬರ ತಲೆಯ ಬಟ್ಟೆ ಹಾರಿಹೋದದ್ದು ಅವರಿಗೇ ಗೊತ್ತಾಗಲಿಲ್ಲ.

“ಹೋಗು ಮಗ, ಇನ್ನು ಹೋಗು!” ಎಂದ ಪುತ್ತಬ್ಬ.

“ಒನ್ ಮೋರ್ ಅಂಕಲ್, ಪ್ಲೀಸ್.”

ಪುತ್ತಬ್ಬ ಎದುರಿಗೆ ನೋಡಿದ. ಅವನು ತನ್ನ ಗೋಲಿಯನ್ನು ಇನ್ನೂ ಕಳಿಸಿರಲಿಲ್ಲ. ಆದ್ದರಿಂದ ಪುತ್ತಬ್ಬ ಇನ್ನೊಂದು ಕಪ್ಪು ಬಗ್ಗಿಸಿದ. ಅದನ್ನು ಕಂಡು ಎದುರಿನವನು ಚೀಲದಿಂದ ಇನ್ನೊಂದು ದುಂಡಗಿನದ್ದು ತೆಗೆದ. ಮೂರು–ಮೂರು. ನಾಲ್ಕು–ನಾಲ್ಕು. ರೆಫ್ರಿ ಪೀಪಿ ಊದಿದ.

ಡ್ರಾ!

ಮುದೀರ್ ಐಸಿನ ಮೇಲೇ ಓಡಿಬಂದು, ಅರ್ಧ ದಾರಿ ಓಡಿ ಅರ್ಧ ದಾರಿ ಜಾರಿ, ಪುತ್ತಬ್ಬನನ್ನು ಅಪ್ಪಿಕೊಂಡರು. “ಮಬ್ರೂಕ್! ಮಬ್ರೂಕ್! ಇಂಥ ಆಟವನ್ನು ಹಿಮದ ದೇಶದಲ್ಲೂ ನೋಡಿರಲಿಲ್ಲ. ಯಜಮಾನರು ಹೇಳಿದರು, ಐಸ್ ಹಾಕಿ ಇನ್ನು ನಿಲ್ಲುವುದಿಲ್ಲ!” ಪುತ್ತಬ್ಬನ ಕಣ್ಣಲ್ಲಿ ನೀರು ಬಂತು. ಮುದೀರ್ ಅದನ್ನು ಆಟದ ಮೇಲಿನ ಪ್ರೀತಿ ಎಂದುಕೊಂಡರು.

ಆಮೇಲೆ ಎರಡೂ ಕಡೆಯ ದೊಡ್ಡವರು ಒಳಗಿನ ಕೋಣೆಗೆ ಖಾವಾ ಕುಡಿಯಲು ಹೋದರು. ಪುತ್ತಬ್ಬ ಹಿಂದಿನ ಓಣಿಯಲ್ಲಿ ಹೀಟರು ಹುಡುಕಿಕೊಂಡು ಹೋದ. ಅಲ್ಲಿ ಕೆಂಪು ಗಡ್ಡದವನು ಒಬ್ಬನೇ ಬೆಂಚಿನ ಮೇಲೆ ಕೂತು ಬೆರಳು ಕಾಯಿಸುತ್ತಿದ್ದ. ಇವತ್ತು ತನ್ನ ಸಂಸಾರ ಉಳಿಸಿದ ಮನುಷ್ಯ! 

“ಥ್ಯಾಂಕ್ಯೂ ಸರ್,” ಎಂದು ಪುತ್ತಬ್ಬ ಫ್ಲಾಸ್ಕಿನಲ್ಲಿ ಉಳಿದಿದ್ದ ಚಾವನ್ನು ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟ.

ಅವನು ಮಫ್ಲರು ಕೆಳಗೆ ಸರಿಸಿ ಒಂದು ಗುಟುಕು ಹೀರಿದ. ಕಣ್ಣು ಮುಚ್ಚಿದ. ಮುಖ ಸಡಿಲವಾಯಿತು.

“ಆಹಾ... ಇದು ನಮ್ಮ ಊರಿನ ಚಾ ಅಲ್ವಾ ಮಾರಾಯ್ರೆ!”

ಪುತ್ತಬ್ಬನ ಕೈಯಿಂದ ಫ್ಲಾಸ್ಕು ಬೀಳುವುದೊಂದು ಬಾಕಿ.

“ನೀವು... ರಷ್ಯಾ?”

“ಎಂಥ ರಷ್ಯಾ! ಕಿನ್ನಿಗೋಳಿ. ಗಡ್ಡದ ಬಣ್ಣ ಮದರಂಗಿದ್ದು. ಡೋಲ್ಫಿ ಅಂತ ಹೆಸರು. ಆ ಕಾಲೇಜಿನ ಕ್ಯಾಂಟೀನಿನಲ್ಲಿ ಬೇಕರಿ ಕೆಲಸ. ಇಕಾಮಾದಲ್ಲಿ ಕೋಚ್ ಅಂತ ಉಂಟು, ಎಂತ ಮಾಡುದು? ಬೆಳಿಗ್ಗೆ ಒಲೆ ಮುಂದೆ ಇದ್ದವನನ್ನು ಎಳ್ಕೊಂಡು ಬಂದ್ರು.” ಡೋಲ್ಫಿ ಈಗ ಪುತ್ತಬ್ಬನನ್ನು ಮೇಲಿಂದ ಕೆಳಗೆ ನೋಡಿದ. “ಅಲ್ಲ, ನೀವು ಕೆನಡಾದಲ್ಲಿ ಕಲಿತವರು ಅಂತ ನಮ್ಮವ್ರು ಹೇಳಿದ್ರಲ್ಲ? ಬೆನ್ನಿನಲ್ಲಿ ಗಿಡುಗದ ಚಿತ್ರ ಉಂಟು, ದೊಡ್ಡ ಟೀಮಿನವ್ರು, ಅವ್ರು ಮಾಡಿದ್ದನ್ನೇ ನೋಡಿ ಮಾಡು ಅಂತ...”

“ಅದು ಕೋಳಿ,” ಎಂದ ಪುತ್ತಬ್ಬ. “ಸಬ್ಹಾನಿನದ್ದು. ನೀವು ನನ್ನನ್ನು ನೋಡಿ ಮಾಡಿದ್ದಾ?”

“ಮತ್ತೆ? ಹೊಟ್ಟೆಯಲ್ಲಿ ಜಾರ್ಲಿಕ್ಕೆ ನಂಗೆ ಹುಚ್ಚಾ? ಅಂಗಿಯ ಗುಂಡಿ ಎಲ್ಲ ಹೋಯ್ತು!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಪುತ್ತಬ್ಬನ ಹೊಟ್ಟೆಯೊಳಗಿನಿಂದ ಒಂದು ನಗು ಮೇಲೆ ಬಂತು, ಡೋಲ್ಫಿಯದ್ದೂ ಬಂತು. ಓಣಿಯ ಗೋಡೆ ಅದುರುವ ಹಾಗೆ ನಕ್ಕರು. ಡೋಲ್ಫಿ ಚೀಲಕ್ಕೆ ಕೈಹಾಕಿ ಉಳಿದಿದ್ದ ಕೊನೆಯದನ್ನು ತೆಗೆದ. ಮಂಗಳೂರು ಬನ್ಸ್! ಅರ್ಧ ಮಾಡಿ ಕೊಟ್ಟ. ಬಾಳೆಹಣ್ಣಿನ ಘಮ ಇನ್ನೂ ಹೋಗಿರಲಿಲ್ಲ.

“ಡೋಲ್ಫಿಯವ್ರೇ,” ಎಂದ ಪುತ್ತಬ್ಬ, ಬನ್ಸ್ ಅಗಿಯುತ್ತ, “ಇನ್ನು ಹೆದರ್ಲಿಕ್ಕೆ ಇಲ್ಲ. ನಾನು ನಿಮ್ಮನ್ನು ನೋಡುದು, ನೀವು ನನ್ನನ್ನು ನೋಡುದು. ನಾವಿಬ್ರು ಇರುವಷ್ಟು ಕಾಲ ಡ್ರಾ. ನಿಮ್ಮ ಟೀಮೂ ಇರ್ತದೆ, ನಮ್ಮದೂ ಇರ್ತದೆ.”

“ಸರಿ ನೋಡಿ! ಮುಂದಿನ ಸಲ ನಾನು ಬನ್ಸ್ ಜಾಸ್ತಿ ತರ್ತೇನೆ.”

“ಗುರುವಾರ ನನ್ನ ಮನೆಯವ್ಳು ಬರ್ತಾಳೆ. ಕೋರಿ ರೊಟ್ಟಿ ತರ್ತಾಳೆ. ಶುಕ್ರವಾರ ಊಟಕ್ಕೆ ಬನ್ನಿ.”

ಮಾತು ಮುಗಿಯುವುದರೊಳಗೆ ಶಬೀರ್ ಓಡಿಬಂದ. ಬೆಳಿಗ್ಗೆ ಬಂದದ್ದಕ್ಕಿಂತ ಜೋರಾಗಿ ಓಡಿಬಂದ. ಅವನ ಮುಖ ಹುಳಿಯಾದ ಹಾಲಿನಂತಿತ್ತು.

“ಪುತ್ತಬ್ಬ ಕಾಕ, ಕೂತ್ಕೊಳ್ಳಿ.”

“ಕೂತಿದ್ದೇನೆ ಮಾರಾಯ.”

“ಗಟ್ಟಿಯಾಗಿ ಕೂತ್ಕೊಳ್ಳಿ. ನಮ್ಮ ಮುದೀರ್ ಕಣ್ಣಿಟ್ಟು ನೋಡಿದ್ದಾರೆ. ‘ನಮ್ಮವ ಇಡೀ ಆಟ ಅವ್ರ ಕೋಚ್‌ನ ನೋಡಿ ನೋಡಿ ಮಾಡಿದ, ತಲೆ ಇರುದು ಆ ರಷ್ಯಾದವನಿಗೆ’ ಅಂತ ನನ್ನ ಕಿವಿಯಲ್ಲಿ ಅಂದ್ರು. ಅವ್ರ ಭಾವನೂ ಆಚೆ ಮೂಲೆಯಲ್ಲಿ ತಮ್ಮವ್ರ ಕಿವಿಯಲ್ಲಿ ಅದನ್ನೇ ಹೇಳ್ತಾ ಇದ್ರು, ‘ನನ್ನವ ಬರೀ ಕಾಪಿ, ಅಸಲಿ ಕೋಚ್ ಆ ಗಿಡುಗದವ’ ಅಂತ. ಖಾವಾ ಕುಡಿಯುವಾಗ ಒಬ್ರು ಮೆಲ್ಲ ಕೇಳಿದ್ರು, ಇನ್ನೊಬ್ರು ಮೆಲ್ಲ ಒಪ್ಪಿದ್ರು. ನಿಮ್ಮನ್ನು ಅಲ್ಲಿಗೆ ಕೊಟ್ಟು ಇವರನ್ನು ಇಲ್ಲಿಗೆ ತಗೊಳ್ಳುದು. ಮಾತಾಯ್ತು, ಕೈ ಕುಲುಕಿ ಆಯ್ತು. ಈಗ ಒಳಗೆ ಇಬ್ರೂ, ಭಾವನಿಗೆ ಟೋಪಿ ಹಾಕಿದೆ ಅಂತ ಮನಸ್ಸಿನಲ್ಲೇ ನಗ್ತಾ ಕೂತಿದ್ದಾರೆ.”

ಪುತ್ತಬ್ಬನಿಗೆ ತಕ್ಷಣ ಅರ್ಥವಾಗಲಿಲ್ಲ. “ಅಲ್ಲಿಯೂ ಕೋಚ್ ಅಲ್ವಾ? ಆಗ್ಲಿ. ಜಾಗ ಉಂಟಲ್ಲ.”

“ಜಾಗ ಉಂಟು ಕಾಕ. ಆದ್ರೆ ಇಲ್ಲಿಯ ಇಕಾಮಾ ನಾಳೆ ಕ್ಯಾನ್ಸಲ್. ಅಲ್ಲಿ ಹೊಸದು ಆಗ್ಬೇಕು. ಹಳೆಯ ಇಕಾಮಾದ ಮೇಲೆ ಕೊಟ್ಟ ಪಾತು ಅಮ್ಮಾಯಿಯ ವೀಸಾ...” ಶಬೀರ್ ಕೈ ಕೊಡವಿದ. “ಖಲಾಸ್. ಮೊದಲಿಂದ ಹಾಕ್ಬೇಕು.”

ಪುತ್ತಬ್ಬ ಕೈಯಲ್ಲಿ ಉಳಿದಿದ್ದ ಬನ್ಸಿನ ತುಂಡನ್ನು ಬೆಂಚಿನ ಮೇಲಿಟ್ಟ.

“ಮತ್ತೊಂದು,” ಎಂದ ಶಬೀರ್ ಹಿಂಜರಿಯುತ್ತ. “ಬರುವ ಮಂಗಳವಾರ ಪುನಃ ಮ್ಯಾಚ್ ಇಟ್ಟಿದ್ದಾರೆ. ಈ ಸಲ ಡ್ರಾ ಆಗ್ಲಿಕ್ಕಿಲ್ಲಂತೆ. ಗೆಲ್ಲುವವರೆಗೆ ಆಡಿಸ್ತಾರಂತೆ. ಸೋತವ್ರ ಟೀಮ್ ಖಲಾಸ್ ಅಂತ ಭಾವ ಭಾವ ಪಂಥ ಕಟ್ಟಿದ್ದಾರೆ.”

ಪುತ್ತಬ್ಬನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಪಾತು.

“ನೋಡಿ, ಆಫೀಸಿನ ಕೆಲಸ ಅಂದ್ರಲ್ಲ? ಈಗ ನಿಮ್ಮ ವಿಡಿಯೋ ಬಂತು! ಸಾಲೆತ್ತೂರಿಡೀ ನೋಡಿ ಆಯ್ತು. ಹೊಟ್ಟೆಯಲ್ಲಿ ಜಾರ್ತಾ ಇದ್ದೀರಿ, ಬೆನ್ನಿನಲ್ಲಿ ಕೋಳಿ! ಎಂತದು ಇದು? ಇರ್ಲಿ, ನಾನು ಗುರುವಾರ ಬಂದು ಕೇಳಿಕೊಳ್ತೇನೆ. ಪೆಟ್ಟಿಗೆಗೆ ಹಗ್ಗ ಕಟ್ಟಿ ಆಯ್ತು. ಕೇಳ್ತದಾ? ಹಲೋ?”

ಪುತ್ತಬ್ಬ ಯಾರನ್ನಾದರೂ ನೋಡಿ ಹಾಗೆಯೇ ಮಾಡೋಣವೆಂದು ಎದುರಿಗೆ ಕೂತಿದ್ದ ಡೋಲ್ಫಿಯತ್ತ ಕಣ್ಣೆತ್ತಿದ. ಡೋಲ್ಫಿ ಆಗಲೇ ಬಾಯಿ ತೆರೆದುಕೊಂಡು, ಮುಂದೇನು ಮಾಡಬೇಕೆಂದು ಪುತ್ತಬ್ಬನನ್ನೇ ನೋಡುತ್ತಿದ್ದ.